ನೆರೆಯವರನ್ನು ಆಟಕ್ಕೆ ಕರೆದವನು: ಹ್ಯೂಗೋ ಮೈಸಲ್

೨೦೨೩ನೆಯ ಇಸವಿ ಜೂನ್ ೨೧ರ ಸಂಜೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಮಳೆಗೆ ನೆನೆಯುತ್ತ ಕುಳಿತಿದ್ದ ಸಾವಿರಾರು ಮಂದಿಯಲ್ಲಿ ನಾನೂ ಒಬ್ಬನಾಗಿದ್ದೆನು. ದಕ್ಷಿಣ ಏಷ್ಯದ ನೆರೆರಾಷ್ಟ್ರಗಳ ಕಾಲ್ಚೆಂಡಾಟದ ಪಂದ್ಯಾವಳಿ ಅಂದು ಪ್ರಾರಂಭವಾಗಿತ್ತು. ಭಾರತಕ್ಕೂ ಪಾಕಿಸ್ತಾನಕ್ಕೂ ಆಟ. ವೀಸಾ ದೊರೆಯುವುದು ತಡವಾದ್ದರಿಂದ ಪಾಕಿಸ್ತಾನದ ಆಟಗಾರರು ಪಂದ್ಯದ ದಿನವೇ ಬೆಂಗಳೂರನ್ನು ಸೇರಿದ್ದರು. ಭಾರತ ನಾಲ್ಕು ಗೋಲುಗಳಿಂದ ಗೆದ್ದಿತು. ಅವುಗಳಲ್ಲಿ ಮೂರನ್ನು ಸುನಿಲ್ ಛೇತ್ರಿಯವರೇ ಹೊಡೆದರು. ನಡುವೆ ಒಂದು ಜಗಳವೂ ಆಯಿತು; ನಮ್ಮ ತಂಡದ ತರಬೇತುದಾರರಿಗೇ ಕೆಂಪು ಚೀಟಿ ತೋರಿಸಿ ಹೊರಕ್ಕೆ ಕಳುಹಿಸಿದರು. ಆದರೂ ಆಟ ನಿಲ್ಲಲಿಲ್ಲ. ಕೊನೆಯ ಸೀಟಿಯವರೆಗೂ ನಡೆಯಿತು.

ಆ ರಾತ್ರಿ ಬಸ್ಸಿನಲ್ಲಿ ಊರಿಗೆ ಹಿಂದಿರುಗುವಾಗ ನನ್ನ ಮನಸ್ಸಿಗೆ ಗೆಲುವಿನ ಸಂತೋಷಕ್ಕಿಂತ ಹೆಚ್ಚಾಗಿ ಇನ್ನೊಂದು ಯೋಚನೆ ಹತ್ತಿತು. ಗಡಿಯಲ್ಲಿ ಬಂದೂಕು ಹಿಡಿದು ನಿಂತ ನೆರೆಯವರನ್ನು ಒಂದೇ ಮೈದಾನಕ್ಕೆ ಕರೆಯುವ ಕಷ್ಟವನ್ನು ಜನ ಏಕೆ ಪಡುತ್ತಾರೆ? ಇಂಥ ಕೆಲಸಕ್ಕೆ ಕೈಹಾಕಿದ ಹಿಂದಿನವರು ಯಾರು? ಕಾಲೇಜಿನ ಗ್ರಂಥಾಲಯದಲ್ಲಿಯೂ ಹೊರಗೂ ಹುಡುಕುತ್ತ ಹೋದಾಗ ನನಗೆ ದೊರೆತ ಹೆಸರು ಹ್ಯೂಗೋ ಮೈಸಲ್. ವಿಯೆನ್ನಾ ನಗರದ ಒಬ್ಬ ಬ್ಯಾಂಕು ಗುಮಾಸ್ತ. ಯೂರೋಪಿನಲ್ಲಿ ಕಾಲ್ಚೆಂಡಾಟ ಬಲ್ಲವರೆಲ್ಲರೂ ಈತನ ಹೆಸರನ್ನು ಬಲ್ಲರು. ನಮ್ಮಲ್ಲಿ ಅಷ್ಟಾಗಿ ಕೇಳಿದವರಿಲ್ಲ. ಆದುದರಿಂದ ಈತನ ಜೀವನವನ್ನು ನನ್ನ ಸಹಪಾಠಿಗಳ ಮುಂದಿಡಬೇಕೆಂದು ಹೊರಟಿದ್ದೇನೆ. ಹಾಗೆ ಹೊರಡಲು ನನಗೆ ಸ್ವಂತದ ಕಾರಣವೂ ಒಂದುಂಟು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನೆರೆರಾಷ್ಟ್ರಗಳ ಪಂದ್ಯಾವಳಿಯನ್ನು ಲೋಕದಲ್ಲಿ ಮೊಟ್ಟಮೊದಲು ಆಡಿಸಿದವನು ಮೈಸಲನಲ್ಲ. ಇಂಗ್ಲೆಂಡು, ಸ್ಕಾಟ್ಲೆಂಡು, ವೇಲ್ಸ್, ಐರ್ಲೆಂಡುಗಳು ೧೮೮೪ರಿಂದಲೇ ತಮ್ಮತಮ್ಮೊಳಗೆ ಆಡುತ್ತಿದ್ದವು. ಆದರೆ ಅವು ಒಂದೇ ದೊರೆಯ ಪ್ರಜೆಗಳ ತಂಡಗಳು. ನಿನ್ನೆ ಮೊನ್ನೆ ಒಬ್ಬರನ್ನೊಬ್ಬರು ಕೊಂದವರನ್ನು ಕರೆದು ಆಡಿಸಿದ್ದು ಮೈಸಲನ ಹೆಚ್ಚುಗಾರಿಕೆ.

ಆತನು ಹುಟ್ಟಿದ್ದು ೧೮೮೧ನೆಯ ನವೆಂಬರ್ ೧೬ರಂದು, ಬೊಹೀಮಿಯಾ ಪ್ರಾಂತದ ಮಾಲೆಷೋವ್ ಎಂಬ ಸಣ್ಣ ಊರಿನಲ್ಲಿ, ಒಂದು ಯೆಹೂದ್ಯ ವರ್ತಕ ಕುಟುಂಬದಲ್ಲಿ. ಆಗ ಬೊಹೀಮಿಯಾ ಆಸ್ಟ್ರಿಯಾ-ಹಂಗರಿ ಚಕ್ರಾಧಿಪತ್ಯಕ್ಕೆ ಸೇರಿತ್ತು. ಆ ರಾಜ್ಯದ ವೈಚಿತ್ರ್ಯವನ್ನು ನಮ್ಮ ದೇಶದವರು ಸುಲಭವಾಗಿ ಊಹಿಸಬಲ್ಲರು. ಒಬ್ಬ ಚಕ್ರವರ್ತಿಯ ಕೆಳಗೆ ಜರ್ಮನ್, ಹಂಗೇರಿಯನ್, ಚೆಕ್, ಪೋಲಿಷ್, ಇಟಾಲಿಯನ್ ಮುಂತಾಗಿ ಹತ್ತಕ್ಕೂ ಹೆಚ್ಚು ಭಾಷೆಗಳು. ಒಂದೊಂದು ಭಾಷೆಯವರಿಗೂ ಪಕ್ಕದವರ ಮೇಲೆ ಒಂದೊಂದು ದೂರು. ಬಾಲಕ ಮೈಸಲ್ ವಿಯೆನ್ನಾಕ್ಕೆ ಬಂದು ಬೆಳೆದನು. ಮನೆಯವರಿಗೆ ಅವನು ವ್ಯಾಪಾರ ಕಲಿತು ಮುಂದೆ ಬರಬೇಕೆಂಬ ಆಸೆ; ಅವನಿಗೆ ಚೆಂಡಿನ ಹುಚ್ಚು. ಆ ಹುಚ್ಚನ್ನು ಬಿಡಿಸಲೆಂದು ಅವನನ್ನು ಟ್ರಿಯೆಸ್ಟ್ ಬಂದರಿಗೆ ಕೆಲಸ ಕಲಿಯಲು ಕಳುಹಿಸಿದರಂತೆ. ಅವನು ಅಲ್ಲಿ ಇಟಾಲಿಯನ್ ಭಾಷೆಯನ್ನು ಕಲಿತು ಬಂದನೇ ಹೊರತು ಚೆಂಡನ್ನು ಮರೆತು ಬರಲಿಲ್ಲ. ಹೀಗೆ ಹೋದಲ್ಲೆಲ್ಲ ಒಂದೊಂದು ಭಾಷೆಯನ್ನು ಜೋಳಿಗೆಗೆ ಹಾಕಿಕೊಂಡನು. ಚೆಕ್, ಜರ್ಮನ್, ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಇವೆಲ್ಲವೂ ಅವನ ನಾಲಗೆಯ ಮೇಲಿದ್ದವು. ಮುಂದೆ ಅವನ ಕೆಲಸಕ್ಕೆ ಬಂದ ಬಂಡವಾಳ ಇದೇ.

ಹೊಟ್ಟೆಪಾಡಿಗೆ ಬ್ಯಾಂಕಿನ ಲೆಕ್ಕ. ಮಿಕ್ಕ ಹೊತ್ತಿಗೆಲ್ಲ ಆಟ. ಆದರೆ ಮೈಸಲ್ ದೊಡ್ಡ ಆಟಗಾರನೇನೂ ಆಗಲಿಲ್ಲ. ಸಾಧಾರಣ ಆಟಗಾರರ ಪಾಡು ನಮಗೆಲ್ಲ ತಿಳಿದದ್ದೇ: ಕೆಲವರು ಆಟವನ್ನೇ ಬಿಡುತ್ತಾರೆ, ಕೆಲವರು ಬದಿಯಲ್ಲಿ ನಿಂತು ಗೆದ್ದವರನ್ನು ಹಳಿಯುತ್ತಾರೆ. ಇವನು ಸೀಟಿಯನ್ನು ಹಿಡಿದನು. ರೆಫರಿಯಾಗಿ ಅವನಿಗೆ ಹೊರದೇಶಗಳಲ್ಲಿಯೂ ಹೆಸರು ಬಂತು. ೧೯೧೨ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ನಡೆದ ಒಲಿಂಪಿಕ್ ಕೂಟದಲ್ಲಿ ಫಿನ್ಲೆಂಡಿಗೂ ಇಟಲಿಗೂ ನಡೆದ ಪಂದ್ಯಕ್ಕೆ ಅವನೇ ರೆಫರಿ. ಆ ಪಂದ್ಯವನ್ನು ಇಟಲಿ ೨–೩ರಿಂದ ಸೋತಿತು. ಸೋತ ತಂಡದ ಮೇಲ್ವಿಚಾರಕನಾಗಿ ಬಂದಿದ್ದವನು ವಿಟ್ಟೋರಿಯೋ ಪೋಟ್ಸೊ ಎಂಬ ತರುಣ. ತನ್ನ ತಂಡ ಸೋತ ಪಂದ್ಯದ ರೆಫರಿಯೊಡನೆ ಸ್ನೇಹ ಬೆಳೆಸುವುದು ಅಪರೂಪದ ಸಂಗತಿ. ಇವರಿಬ್ಬರೂ ಮುಂದೆ ಸ್ನೇಹಿತರಾದರು. ಆ ಸ್ನೇಹ ಮೈಸಲ್ ಸಾಯುವವರೆಗೂ ಉಳಿಯಿತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಅದೇ ವರ್ಷ ಮೈಸಲ್ ಜಿಮ್ಮಿ ಹೋಗನ್ ಎಂಬ ಇಂಗ್ಲಿಷ್ ಶಿಕ್ಷಕನನ್ನು ವಿಯೆನ್ನಾಕ್ಕೆ ಕರೆಸಿದನು. ಚೆಂಡನ್ನು ಕಂಡಕಂಡಂತೆ ಮುಗಿಲಿಗೆ ಒದೆಯದೆ, ನೆಲದ ಮೇಲೆಯೇ ಒಬ್ಬರಿಂದೊಬ್ಬರಿಗೆ ಸಣ್ಣ ಸಣ್ಣದಾಗಿ ದಾಟಿಸುತ್ತ ಮುಂದುವರಿಯುವುದು ಹೋಗನ್ ಕಲಿಸಿದ ರೀತಿ. ೧೯೧೪ರಲ್ಲಿ ಮಹಾಯುದ್ಧ ಬಂದಿತು. ಹೋಗನ್ ಶತ್ರುದೇಶದವನೆಂದು ಸೆರೆಯಾದನು. ಆಮೇಲೆ ಹೇಗೋ ಬುಡಾಪೆಸ್ಟ್ ಸೇರಿ ಯುದ್ಧದ ವರ್ಷಗಳನ್ನು ಅಲ್ಲಿನ ಹುಡುಗರಿಗೆ ಆಟ ಕಲಿಸುತ್ತ ಕಳೆದನು. ಹೀಗಾಗಿ ಆಸ್ಟ್ರಿಯಾದವರೂ ಹಂಗರಿಯವರೂ ಒಬ್ಬನೇ ಗುರುವಿನ ಶಿಷ್ಯರಾದರು. ಇತ್ತ ಮೈಸಲ್ ಚಕ್ರವರ್ತಿಯ ಸೈನ್ಯದಲ್ಲಿ ಅಧಿಕಾರಿಯಾದನು. ಅತ್ತ ಪೋಟ್ಸೊ ಇಟಲಿಯ ಪರ್ವತದಳದಲ್ಲಿ ಅಧಿಕಾರಿ. ಎರಡು ದೇಶಗಳ ಸೈನ್ಯಗಳೂ ಇಸೊಂಜೊ ನದಿಯ ದಡದಲ್ಲಿ ವರ್ಷಗಟ್ಟಲೆ ಹೋರಾಡಿ ಲಕ್ಷಗಟ್ಟಲೆ ಜನರನ್ನು ಬಲಿಗೊಟ್ಟವು.

೧೯೧೮ರಲ್ಲಿ ಯುದ್ಧ ಮುಗಿದಾಗ ಚಕ್ರಾಧಿಪತ್ಯವೂ ಮುಗಿದಿತ್ತು. ಒಂದು ಮನೆ ಒಡೆದು ಹಲವು ಮನೆಗಳಾದವು. ಮೈಸಲ್ ಹುಟ್ಟಿದ ಊರು ಚೆಕೊಸ್ಲೊವಾಕಿಯಾಕ್ಕೆ ಸೇರಿತು; ಅವನು ಇಟಾಲಿಯನ್ ಕಲಿತ ಟ್ರಿಯೆಸ್ಟ್ ಇಟಲಿಯ ಪಾಲಾಯಿತು; ಹಂಗರಿ ಬೇರೆ ದೇಶವಾಯಿತು; ಅವನು ವಾಸವಾಗಿದ್ದ ವಿಯೆನ್ನಾ ಸಣ್ಣ ಆಸ್ಟ್ರಿಯಾದ ದೊಡ್ಡ ತಲೆಯಾಗಿ ಉಳಿಯಿತು. ಮನೆ ಪಾಲಾದ ಅಣ್ಣತಮ್ಮಂದಿರು ಒಂದೇ ಬಾವಿಯ ನೀರು ಸೇದುವಾಗ ಮುಖ ತಿರುಗಿಸಿಕೊಳ್ಳುವುದನ್ನು ನಾವು ಹಳ್ಳಿಗಳಲ್ಲಿ ಕಂಡಿದ್ದೇವೆ. ಅಲ್ಲಿನ ಸ್ಥಿತಿಯೂ ಅದೇ. ಇದರ ಮೇಲೆ, ಸೋತ ದೇಶಗಳೊಡನೆ ಯಾರೂ ಆಡಕೂಡದು, ಆಡಿದವರೊಡನೆಯೂ ತಾವು ಆಡುವುದಿಲ್ಲವೆಂದು ಬ್ರಿಟಿಷ್ ಸಂಘಗಳು ಹಠ ಹಿಡಿದವು. ಆ ಹಠಕ್ಕೆ ಎಲ್ಲರೂ ಮಣಿಯಲಿಲ್ಲ. ಇಟಲಿ ೧೯೨೨ರಲ್ಲಿ ಆಸ್ಟ್ರಿಯಾದೊಡನೆ ಮತ್ತೆ ಆಡಿತು. ಆಸ್ಟ್ರಿಯಾಕ್ಕೂ ಹಂಗರಿಗೂ ಆಟ ಯುದ್ಧದ ಕಾಲದಲ್ಲಿಯೂ ತಪ್ಪಿರಲಿಲ್ಲ.

ಮೈಸಲ್ ಬ್ಯಾಂಕನ್ನು ಬಿಟ್ಟು ಆಸ್ಟ್ರಿಯಾದ ಕಾಲ್ಚೆಂಡಾಟದ ಸಂಘದ ಕಾರ್ಯದರ್ಶಿಯಾದನು. ರಾಷ್ಟ್ರತಂಡವನ್ನು ಆರಿಸುವವನೂ ಅವನೇ. ಅವನು ಬರಿಯ ಆದರ್ಶವಾದಿಯೆಂದು ತಿಳಿಯಬಾರದು. ಲೆಕ್ಕದ ಪುಸ್ತಕ ನೋಡಿ ಬೆಳೆದ ಮನುಷ್ಯ. ವಿಯೆನ್ನಾದ ಸಂಘಗಳು ಆಟಗಾರರಿಗೆ ಗುಟ್ಟಾಗಿ ಹಣ ಕೊಡುವುದನ್ನು ಕಂಡು, ಕೊಡುವುದಾದರೆ ಬಹಿರಂಗವಾಗಿ ಕೊಡಿರೆಂದು ಏರ್ಪಾಡು ಮಾಡಿಸಿದನು. ೧೯೨೪ರಲ್ಲಿ ಯೂರೋಪು ಖಂಡದ ಮೊದಲನೆಯ ವೃತ್ತಿಪರ ಲೀಗು ವಿಯೆನ್ನಾದಲ್ಲಿ ಆರಂಭವಾಯಿತು; ಹಂಗರಿಯೂ ಚೆಕೊಸ್ಲೊವಾಕಿಯಾವೂ ಬೇಗನೆ ಅದೇ ದಾರಿ ಹಿಡಿದವು. ಆದರೆ ಸಂಬಳ ಕೊಡಬೇಕಾದರೆ ಪ್ರೇಕ್ಷಕರು ಬರಬೇಕು. ಪ್ರೇಕ್ಷಕರು ಬರಬೇಕಾದರೆ ಊರ ತಂಡಗಳ ಆಟವನ್ನೇ ಮತ್ತೆ ಮತ್ತೆ ತೋರಿಸಿದರೆ ಸಾಲದು. ಇತ್ತ ಹಣ ಪಡೆದು ಆಡುವವರಿಗೆ ಒಲಿಂಪಿಕ್ ಕೂಟದ ಬಾಗಿಲು ಮುಚ್ಚಿತ್ತು. ಹಾಗಾದರೆ ಯಾರೊಡನೆ ಆಡುವುದು? ರಾತ್ರಿ ರೈಲು ಹತ್ತಿದರೆ ಬೆಳಗಿಗೆ ತಲುಪುವ ನೆರೆಯವರೊಡನೆ.

೧೯೨೭ನೆಯ ಜುಲೈ ತಿಂಗಳಲ್ಲಿ ಇಟಲಿಯ ವೆನಿಸ್ ನಗರದಲ್ಲಿ ನೆರೆದೇಶಗಳ ಪ್ರತಿನಿಧಿಗಳು ಸೇರಿದರು. ಮೈಸಲನ ಒತ್ತಾಯದಿಂದ ಎರಡು ಪಂದ್ಯಾವಳಿಗಳು ಅಲ್ಲಿ ನಿಶ್ಚಯವಾದವು. ಒಂದು, ಸಂಘಗಳಿಗಾಗಿ, ಅದಕ್ಕೆ ಮಿಟ್ರೋಪಾ ಕಪ್ ಎಂದು ಹೆಸರಾಯಿತು. ಇನ್ನೊಂದು, ರಾಷ್ಟ್ರತಂಡಗಳಿಗಾಗಿ, ಅದು ಮಧ್ಯ ಯೂರೋಪಿನ ಅಂತರರಾಷ್ಟ್ರೀಯ ಕಪ್. ಚೆಕೊಸ್ಲೊವಾಕಿಯಾದ ಪ್ರಧಾನಿ ಆಂಟೊನಿನ್ ಷ್ವೆಹ್ಲಾ ಬೊಹೀಮಿಯಾದ ಸ್ಫಟಿಕದ ಒಂದು ಬಟ್ಟಲನ್ನು ಬಹುಮಾನವಾಗಿ ಕೊಟ್ಟನು. ಗೆಲ್ಲುವವರು ಜೋಪಾನವಾಗಿ ಹಿಡಿಯಬೇಕಾದ ವಸ್ತು, ಕೈತಪ್ಪಿದರೆ ಚೂರು. ನೆರೆಹೊರೆಗೆ ತಕ್ಕ ಬಹುಮಾನವೇ ಸರಿ.

ಆಸ್ಟ್ರಿಯಾ, ಹಂಗರಿ, ಚೆಕೊಸ್ಲೊವಾಕಿಯಾ, ಇಟಲಿ, ಸ್ವಿಟ್ಸರ್ಲೆಂಡು ಈ ಐದೇ ತಂಡಗಳು. ನಾಲ್ಕು ವಾರಗಳಲ್ಲಿ ಮುಗಿಯುವ ಜಾತ್ರೆಯಂಥ ಪಂದ್ಯಾವಳಿಯನ್ನು ಮೈಸಲ್ ಮಾಡಲಿಲ್ಲ. ಪ್ರತಿಯೊಂದು ತಂಡವೂ ಉಳಿದ ನಾಲ್ಕು ತಂಡಗಳನ್ನು ತನ್ನ ಊರಿಗೆ ಒಮ್ಮೆ ಕರೆಯಬೇಕು, ಅವರ ಊರಿಗೆ ಒಮ್ಮೆ ಹೋಗಬೇಕು. ತಂಡವೊಂದಕ್ಕೆ ಎಂಟು ಪಂದ್ಯ, ಒಟ್ಟು ಇಪ್ಪತ್ತು. ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ಬಿಡುವಾದ ಭಾನುವಾರಗಳಲ್ಲಿ ಆಡುತ್ತ ಇದು ಮುಗಿಯಲು ಎರಡೂವರೆ ವರ್ಷಕ್ಕೂ ಹೆಚ್ಚು ಹಿಡಿಯಿತು.

ನನ್ನ ಬುದ್ಧಿಗೆ ತೋರುವಂತೆ ಈ ಏರ್ಪಾಡಿನ ಜೀವಾಳವಿರುವುದು ಇಲ್ಲಿಯೇ. ನಮ್ಮ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಮಾಡುತ್ತಾರೆ. ಯಾರು ಎಷ್ಟು ಮುಯ್ಯಿ ಹಾಕಿದರೆಂಬುದನ್ನು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಹೋಗಿ ತೀರಿಸುತ್ತಾರೆ. ಮುಯ್ಯಿ ಬಾಕಿಯಿರುವವರೆಗೆ ನೆಂಟಸ್ತಿಕೆ ಕಡಿಯುವುದಿಲ್ಲ. ಆದರೆ ಇದೇ ಮಾತಿಗೆ ನಮ್ಮ ನುಡಿಯಲ್ಲಿ ಸೇಡು ಎಂಬ ಅರ್ಥವೂ ಇದೆ. ಒಂದೇ ಶಬ್ದ, ಉಡುಗೊರೆಯ ಮುಯ್ಯಿ, ಹಗೆಯ ಮುಯ್ಯಿ. ಮೈಸಲನ ಕಪ್ಪು ಈ ಎರಡು ಅರ್ಥಗಳ ನಡುವಿನ ಹೊಸಿಲಿನ ಮೇಲೆ ನಿಂತಿತ್ತು. ಇಂದು ಪ್ರಾಗಿನಲ್ಲಿ ಸೋತವನು ಸೇಡಿನ ಮಾತಾಡುತ್ತ ರೈಲು ಹತ್ತುವನು. ಆದರೆ ಆ ಸೇಡನ್ನು ತೀರಿಸಿಕೊಳ್ಳಲು ತಾನೇ ಅವರನ್ನು ವಿಯೆನ್ನಾಕ್ಕೆ ಆಹ್ವಾನಿಸಬೇಕು, ನಿಲ್ದಾಣಕ್ಕೆ ಹೋಗಿ ಎದುರುಗೊಳ್ಳಬೇಕು, ಊಟ ಹಾಕಬೇಕು. ಹಗೆಯನ್ನು ತೀರಿಸುವ ದಾರಿ ಅತಿಥಿಸತ್ಕಾರದ ಬಾಗಿಲಿನಿಂದಲೇ ಹೋಗುವಂತೆ ಮೈಸಲ್ ಕಟ್ಟಿದ್ದನು.

ಮೊದಲನೆಯ ಪಂದ್ಯ ೧೯೨೭ನೆಯ ಸೆಪ್ಟೆಂಬರ್ ೧೮ರಂದು ಪ್ರಾಗಿನಲ್ಲಿ ನಡೆಯಿತು. ಕಪ್ಪಿನ ತಂದೆಯ ತಂಡವೇ ಎರಡು ಗೋಲುಗಳಿಂದ ಸೋತಿತು. ೧೯೩೦ನೆಯ ಮೇ ೧೧ರಂದು ಬುಡಾಪೆಸ್ಟಿನಲ್ಲಿ ಇಟಲಿ ಹಂಗರಿಯನ್ನು ಐದು ಗೋಲುಗಳಿಂದ ಸೋಲಿಸಿ ಹನ್ನೊಂದು ಅಂಕಗಳೊಡನೆ ಕಪ್ಪನ್ನು ಪಡೆಯಿತು. ಮೂರು ಗೋಲುಗಳನ್ನು ಹೊಡೆದವನು ಇನ್ನೂ ಇಪ್ಪತ್ತು ತುಂಬದ ಜೂಸೆಪ್ಪೆ ಮೆಯಾಟ್ಸಾ. ಇಟಲಿಯ ತಂಡವನ್ನು ನಡೆಸುತ್ತಿದ್ದವನು ಅದೇ ಪೋಟ್ಸೊ. ಆಸ್ಟ್ರಿಯಾಕ್ಕೂ ಚೆಕೊಸ್ಲೊವಾಕಿಯಾಕ್ಕೂ ಹತ್ತು ಹತ್ತು ಅಂಕ, ಹಂಗರಿಗೆ ಒಂಬತ್ತು. ಸ್ವಿಟ್ಸರ್ಲೆಂಡಿಗೆ ಸೊನ್ನೆ, ಎಂಟು ಪಂದ್ಯಗಳನ್ನಾಡಿ ಎಂಟನ್ನೂ ಸೋತಿತ್ತು. ಗೆದ್ದ ಇಟಲಿಗಿಂತ ನನಗೆ ಹೆಚ್ಚು ಪ್ರಿಯವಾದ ತಂಡ ಇದು. ಏಕೆಂದರೆ ಎರಡನೆಯ ಪಂದ್ಯಾವಳಿಗೆ ಅದು ಮತ್ತೆ ಬಂದಿತು. ಆ ಸಲ ಐದು ಅಂಕಗಳನ್ನು ಗಳಿಸಿತು.

ಎರಡನೆಯ ಪಂದ್ಯಾವಳಿ ನಡೆದದ್ದು ೧೯೩೧-೩೨ರಲ್ಲಿ. ಆಗ ಮೈಸಲನ ತಂಡಕ್ಕೆ ಅದ್ಭುತ ತಂಡವೆಂಬ ಹೆಸರು ಬಂದಿತ್ತು. ಆ ತಂಡದ ಹುಟ್ಟಿನ ಬಗ್ಗೆ ವಿಯೆನ್ನಾದಲ್ಲಿ ಒಂದು ಕಥೆಯನ್ನು ಹೇಳುತ್ತಾರೆ. ಅಲ್ಲಿನ ಕಾಫಿ ಹೋಟೆಲುಗಳೆಂದರೆ ನಮ್ಮ ಊರ ಅರಳಿಕಟ್ಟೆಗಳಿದ್ದಂತೆ. ರಾಜಕೀಯ, ಸಾಹಿತ್ಯ, ಆಟ ಎಲ್ಲವೂ ಅಲ್ಲಿಯೇ ತೀರ್ಮಾನವಾಗಬೇಕು. ರಿಂಗ್ ಕಾಫಿ ಹೋಟೆಲಿನಲ್ಲಿ ಕುಳಿತಿದ್ದ ಮೈಸಲನನ್ನು ಪತ್ರಕರ್ತರು ಮುತ್ತಿ, ಮತಿಯಾಸ್ ಜಿಂಡೆಲಾರನನ್ನು ತಂಡಕ್ಕೆ ಏಕೆ ಸೇರಿಸುವುದಿಲ್ಲವೆಂದು ಕಾಡಿದರಂತೆ. ಮೈಸಲ್ ಸಿಟ್ಟಿನ ಮನುಷ್ಯ, ತನ್ನ ಮಾತೇ ನಡೆಯಬೇಕೆಂಬವನು. ಜಿಂಡೆಲಾರನನ್ನು ಬಹುಕಾಲ ದೂರವಿಟ್ಟಿದ್ದನು. ಅಂದು ಬೇಸತ್ತು, ಅವರು ಕೇಳಿದ ಹೆಸರುಗಳನ್ನೇ ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಎಸೆದು ಎದ್ದು ಹೋದನಂತೆ. ಕಥೆ ಎಷ್ಟು ನಿಜವೋ, ತಂಡವಂತೂ ನಿಜ. ೧೯೩೧ನೆಯ ಮೇ ೧೬ರಂದು ಆ ತಂಡ ಸ್ಕಾಟ್ಲೆಂಡನ್ನು ಐದು ಗೋಲುಗಳಿಂದ ಸೋಲಿಸಿತು. ಹಠವಾದಿಯಾದರೂ ತನ್ನ ತಪ್ಪನ್ನು ಫಲಿತಾಂಶದಲ್ಲಿ ಕಂಡ ಮೇಲೆ ಮೈಸಲ್ ಅದನ್ನು ತಿದ್ದಿಕೊಂಡನು. ಮುಂದೆ ಜಿಂಡೆಲಾರನಿಲ್ಲದೆ ತಂಡವಿಲ್ಲವೆಂಬಂತಾಯಿತು.

ಈ ಜಿಂಡೆಲಾರನ ವಿಷಯವಾಗಿ ನಾಲ್ಕು ಮಾತು ಹೇಳಬೇಕು. ಮೊರಾವಿಯಾದ ಹಳ್ಳಿಯಿಂದ ವಿಯೆನ್ನಾಕ್ಕೆ ವಲಸೆ ಬಂದ ಬಡ ಚೆಕ್ ಕುಟುಂಬದ ಮಗ. ಕಾರ್ಮಿಕರ ಕೇರಿಯ ಬೀದಿಗಳಲ್ಲಿ ಚೆಂಡಾಡಿ ಬೆಳೆದವನು. ಮೈ ಎಷ್ಟು ಸಣ್ಣಗಿತ್ತೆಂದರೆ ಜನ ಅವನನ್ನು ಕಾಗದದ ಮನುಷ್ಯನೆಂದು ಕರೆದರು. ಎದುರಾಳಿಗಳ ಸಂದಿಯಲ್ಲಿ ಗಾಳಿಗೆ ಹಾರುವ ಕಾಗದದಂತೆಯೇ ನುಸುಳುತ್ತಿದ್ದನಂತೆ. ಅವನ ತಂದೆ ೧೯೧೭ರಲ್ಲಿ ಇಸೊಂಜೊ ರಣರಂಗದಲ್ಲಿ ಇಟಲಿಯವರೆದುರು ಹೋರಾಡುತ್ತ ಮಡಿದಿದ್ದನು. ೧೯೩೨ನೆಯ ಮಾರ್ಚ್ ೨೦ರಂದು ಅದೇ ಇಟಲಿಯ ತಂಡ ಈ ಕಪ್ಪಿನ ಪಂದ್ಯಕ್ಕಾಗಿ ವಿಯೆನ್ನಾಕ್ಕೆ ಬಂದಿತು. ಆಸ್ಟ್ರಿಯಾ ೨–೧ರಿಂದ ಗೆದ್ದಿತು. ಎರಡು ಗೋಲುಗಳನ್ನೂ ಹೊಡೆದವನು ಜಿಂಡೆಲಾರ್. ತಂದೆಯನ್ನು ಕಳೆದುಕೊಂಡ ಮಗ ತೀರಿಸಿದ ಮುಯ್ಯಿ ಇದು. ಯಾರ ಮನೆಯಲ್ಲಿಯೂ ದೀಪ ಆರಲಿಲ್ಲ. ಆ ಪಂದ್ಯಾವಳಿಯಲ್ಲಿ ಹನ್ನೊಂದು ಅಂಕಗಳನ್ನು ಗಳಿಸಿ ಆಸ್ಟ್ರಿಯಾ ಸ್ಫಟಿಕದ ಬಟ್ಟಲನ್ನು ಪಡೆಯಿತು.

೧೯೩೧ರ ಏಪ್ರಿಲಿನಿಂದ ಹದಿನಾಲ್ಕು ಪಂದ್ಯಗಳವರೆಗೆ ಆ ತಂಡ ಸೋಲನ್ನು ಕಾಣಲಿಲ್ಲ. ೧೯೩೨ನೆಯ ಡಿಸೆಂಬರ್ ೭ರಂದು ಲಂಡನ್ನಿನಲ್ಲಿ ಇಂಗ್ಲೆಂಡಿನೆದುರು ೩–೪ರಿಂದ ಸೋತಾಗಲೂ ಹೊಗಳಿಕೆ ಬಂದದ್ದು ಸೋತವರಿಗೇ. ಆ ದಿನ ವಿಯೆನ್ನಾದ ದೊಡ್ಡ ಚೌಕದಲ್ಲಿ ಧ್ವನಿವರ್ಧಕಗಳನ್ನು ಕಟ್ಟಿ, ಸಹಸ್ರಾರು ಜನ ಚಳಿಯಲ್ಲಿ ನಿಂತು ರೇಡಿಯೋ ವರ್ಣನೆಯನ್ನು ಕೇಳಿದರು.

ಇಷ್ಟರಿಂದ ನೆರೆಯವರೆಲ್ಲ ಅನ್ಯೋನ್ಯವಾಗಿಬಿಟ್ಟರೆಂದು ಬರೆದರೆ ಸುಳ್ಳಾದೀತು. ಮೈದಾನಗಳಲ್ಲಿ ಹೊಡೆದಾಟಗಳಾದವು. ೧೯೩೨ರ ಮಿಟ್ರೋಪಾ ಕಪ್ಪಿನಲ್ಲಿ ಪ್ರಾಗಿನ ಸ್ಲಾವಿಯಾ ತಂಡಕ್ಕೂ ಟ್ಯೂರಿನ್ನಿನ ಯುವೆಂಟಸ್ ತಂಡಕ್ಕೂ ನಡೆದ ಪಂದ್ಯಗಳಲ್ಲಿ ಎಷ್ಟು ಗಲಭೆಯಾಯಿತೆಂದರೆ ಎರಡನ್ನೂ ಹೊರಗೆ ಹಾಕಿ, ಅಂತಿಮ ಪಂದ್ಯವೇ ಇಲ್ಲದೆ ಬೊಲೊನ್ಯಾ ತಂಡಕ್ಕೆ ಕಪ್ಪನ್ನು ಕೊಡಬೇಕಾಯಿತು. ಕಲ್ಲೆಸೆಯುವ ಕೈಗಳು ಎಲ್ಲ ದೇಶಗಳಲ್ಲಿಯೂ ಇವೆ. ಆದರೆ ಗಮನಿಸಬೇಕಾದ ಅಂಶವೊಂದಿದೆ. ಗಲಭೆಯ ಮಾರನೆಯ ವರ್ಷ ಪಂದ್ಯಾವಳಿ ಮತ್ತೆ ನಡೆಯಿತು. ಮೈಸಲ್ ಒಂದೊಂದು ಜಗಳವಾದಾಗಲೂ ಅವರವರ ಭಾಷೆಯಲ್ಲಿ ಕಾಗದ ಬರೆದು, ರೈಲು ಹತ್ತಿ, ಮೇಜಿನ ಸುತ್ತ ಕೂರಿಸಿ ಮುಂದಿನ ತಾರೀಖನ್ನು ಗೊತ್ತುಮಾಡುತ್ತಿದ್ದನು. ಸ್ನೇಹವನ್ನು ಹುಟ್ಟಿಸುವುದು ಅವನ ಕೈಯಲ್ಲಿರಲಿಲ್ಲ. ಮುಂದಿನ ತಾರೀಖು ಅವನ ಕೈಯಲ್ಲಿತ್ತು.

ಆದರೆ ಮನೆಯೊಳಗೇ ಬೆಂಕಿ ಬಿದ್ದರೆ ಮಾಡುವುದೇನು? ೧೯೩೪ನೆಯ ಫೆಬ್ರವರಿ ೧೧ರಂದು ಮೈಸಲನ ತಂಡ ಟ್ಯೂರಿನ್ನಿನಲ್ಲಿ ಇಟಲಿಯನ್ನು ೪–೨ರಿಂದ ಸೋಲಿಸಿತು. ಮಾರನೆಯ ದಿನವೇ ಆಸ್ಟ್ರಿಯಾದಲ್ಲಿ ಅಂತರ್ಯುದ್ಧ ಹೊತ್ತಿತು. ವಿಯೆನ್ನಾ ನಗರಸಭೆ ಕಾರ್ಮಿಕರಿಗಾಗಿ ಕಟ್ಟಿಸಿದ್ದ ಕಾರ್ಲ್ ಮಾರ್ಕ್ಸ್ ವಸತಿಗೃಹದ ಮೇಲೆ ಸರ್ಕಾರದ ಫಿರಂಗಿಗಳು ಗುಂಡು ಹಾರಿಸಿದವು. ಮೈಸಲನ ಮನೆಯಿದ್ದುದು ಆ ಕಟ್ಟಡದಲ್ಲಿಯೇ. ಹೊರಗಿನ ನೆರೆಯವರನ್ನು ಒಂದುಗೂಡಿಸಿದವನ ಮನೆಯ ಗೋಡೆಗೆ ಸ್ವದೇಶದವರ ಗುಂಡು ತಾಕಿತು. ಆ ಬೇಸಗೆಯಲ್ಲಿ ಇಟಲಿಯಲ್ಲಿ ವಿಶ್ವಕಪ್ ಪಂದ್ಯಗಳು ನಡೆದವು. ಮಿಲಾನಿನ ಕೆಸರು ಮೈದಾನದಲ್ಲಿ ಪೋಟ್ಸೊನ ತಂಡ ಮೈಸಲನ ತಂಡವನ್ನು ಒಂದೇ ಗೋಲಿನಿಂದ ಸೋಲಿಸಿ ಮುಂದೆ ಕಪ್ಪನ್ನೂ ಗೆದ್ದಿತು. ಮಧ್ಯ ಯೂರೋಪಿನ ಮೂರನೆಯ ಪಂದ್ಯಾವಳಿಯೂ ೧೯೩೫ರಲ್ಲಿ ಇಟಲಿಯ ಪಾಲಾಯಿತು. ೧೯೩೬ನೆಯ ಮೇ ೬ರಂದು ವಿಯೆನ್ನಾದಲ್ಲಿ ಇಂಗ್ಲೆಂಡನ್ನು ೨–೧ರಿಂದ ಸೋಲಿಸಿದ್ದು ಮೈಸಲನ ಕೊನೆಯ ದೊಡ್ಡ ಸಂತೋಷ.

೧೯೩೭ನೆಯ ಫೆಬ್ರವರಿ ೧೭ರಂದು ಹೃದಯಾಘಾತದಿಂದ ಹ್ಯೂಗೋ ಮೈಸಲ್ ವಿಯೆನ್ನಾದಲ್ಲಿ ತೀರಿಕೊಂಡನು. ವಯಸ್ಸು ಐವತ್ತೈದು. ಮುಂದಿನ ತಿಂಗಳು, ಮಾರ್ಚ್ ೨೧ರಂದು, ಅದೇ ನಗರದಲ್ಲಿ ಆಸ್ಟ್ರಿಯಾಕ್ಕೂ ಇಟಲಿಗೂ ನಾಲ್ಕನೆಯ ಕಪ್ಪಿನ ಪಂದ್ಯ. ಆಸ್ಟ್ರಿಯಾ ಎರಡು ಗೋಲುಗಳಿಂದ ಮುಂದಿತ್ತು. ಆಟ ಒರಟಾಗುತ್ತ ಆಗುತ್ತ, ಎಪ್ಪತ್ತನಾಲ್ಕನೆಯ ನಿಮಿಷದಲ್ಲಿ ರೆಫರಿ ಪಂದ್ಯವನ್ನೇ ನಿಲ್ಲಿಸಿಬಿಟ್ಟನು. ಮೈಸಲ್ ಇದ್ದಿದ್ದರೆ ಆಟ ನಿಲ್ಲುತ್ತಿರಲಿಲ್ಲವೆಂದು ನಾನು ಹೇಳಲಾರೆನು. ನಿಂತ ಮೇಲೆ ಮಾರನೆಯ ಬೆಳಗ್ಗೆ ರೋಮಿಗೆ ಕಾಗದ ಬರೆಯುತ್ತಿದ್ದನೆಂಬುದರಲ್ಲಿ ಮಾತ್ರ ನನಗೆ ಸಂದೇಹವಿಲ್ಲ.

ಮುಂದಿನ ವರ್ಷ, ೧೯೩೮ನೆಯ ಮಾರ್ಚಿಯಲ್ಲಿ, ಹಿಟ್ಲರನ ಸೈನ್ಯ ಆಸ್ಟ್ರಿಯಾವನ್ನು ನುಂಗಿತು. ಆಸ್ಟ್ರಿಯಾ ಎಂಬ ದೇಶವೇ ಇಲ್ಲವಾದ ಮೇಲೆ ಅದರ ತಂಡವೆಲ್ಲಿ? ನಾಲ್ಕನೆಯ ಪಂದ್ಯಾವಳಿ ಅರ್ಧಕ್ಕೆ ನಿಂತಿತು. ಯೆಹೂದ್ಯರ ಹಾಕೋಆ ಸಂಘವನ್ನು ಮುಚ್ಚಿದರು. ವಿಯೆನ್ನಾದ ಮೊದಲನೆಯ ವೃತ್ತಿಪರ ಲೀಗನ್ನು ಗೆದ್ದಿದ್ದುದು ಅದೇ ಸಂಘ. ಜಿಂಡೆಲಾರ್ ೧೯೩೯ನೆಯ ಜನವರಿಯಲ್ಲಿ ವಿಷಾನಿಲದಿಂದ ಸತ್ತುಬಿದ್ದಿದ್ದನು. ಮೈಸಲ್ ಒಂದು ವರ್ಷ ಮೊದಲೇ ಕಣ್ಣು ಮುಚ್ಚಿದ್ದರಿಂದ ಇದಾವುದನ್ನೂ ಕಾಣಲಿಲ್ಲ.

ಕಪ್ಪು ಮಾತ್ರ ಸಾಯಲಿಲ್ಲ. ಎರಡನೆಯ ಮಹಾಯುದ್ಧ ಮುಗಿದು ಮೂರೇ ವರ್ಷಗಳಲ್ಲಿ, ೧೯೪೮ರಲ್ಲಿ, ಐದು ನೆರೆಯವರೂ ಮತ್ತೆ ಆಡತೊಡಗಿದರು. ಪಂದ್ಯಾವಳಿಗೆ ಡಾಕ್ಟರ್ ಗೆರೋ ಕಪ್ ಎಂದು ಹೆಸರಿಟ್ಟರು. ಯೋಸೆಫ್ ಗೆರೋ ಎಂಬ ನ್ಯಾಯವೇತ್ತ ಆಸ್ಟ್ರಿಯಾದ ಕಾಲ್ಚೆಂಡಾಟದ ಸಂಘದ ಅಧ್ಯಕ್ಷನಾಗಿದ್ದವನು. ಹಿಟ್ಲರನ ಸೆರೆಶಿಬಿರಗಳಿಂದ ಬದುಕಿ ಬಂದು ನ್ಯಾಯಮಂತ್ರಿಯಾದವನು. ೧೯೫೩ನೆಯ ಮೇ ೧೭ರಂದು ರೋಮಿನ ಹೊಸ ಒಲಿಂಪಿಕ್ ಕ್ರೀಡಾಂಗಣದ ಪ್ರಾರಂಭೋತ್ಸವದಲ್ಲಿಯೇ ಪುಷ್ಕಾಷನ ಹಂಗರಿ ಇಟಲಿಯನ್ನು ಮೂರು ಗೋಲುಗಳಿಂದ ಸೋಲಿಸಿ ಆ ಕಪ್ಪನ್ನು ಪಡೆಯಿತು. ಇಪ್ಪತ್ತಮೂರು ವರ್ಷಗಳ ಹಿಂದೆ ಬುಡಾಪೆಸ್ಟಿನಲ್ಲಿ ಇಟಲಿ ಹಾಕಿದ್ದ ಮುಯ್ಯಿ ಅಂದು ರೋಮಿನಲ್ಲಿ ತೀರಿತು! ಕೊನೆಯ ಪಂದ್ಯಾವಳಿಗೆ ಯುಗೊಸ್ಲಾವಿಯಾವೂ ಸೇರಿತ್ತು. ಅದು ೧೯೬೦ರಲ್ಲಿ ಚೆಕೊಸ್ಲೊವಾಕಿಯಾದ ಗೆಲುವಿನೊಡನೆ ಮುಗಿಯಿತು. ಅದೇ ವರ್ಷ ಯೂರೋಪಿನ ರಾಷ್ಟ್ರಗಳ ದೊಡ್ಡ ಪಂದ್ಯಾವಳಿಯ ಮೊದಲನೆಯ ಅಂತಿಮ ಪಂದ್ಯ ನಡೆಯಿತು. ಐದು ಮನೆಗಳ ಮುಯ್ಯಿ ಊರಿನ ಹಬ್ಬವಾಯಿತು.

ನಮ್ಮ ನೆರೆಹೊರೆಯಲ್ಲಿಯೂ ಇಂಥದೊಂದು ಪ್ರಯತ್ನ ನಡೆದಿತ್ತೆಂಬುದು ಈ ಓದಿನಿಂದ ನನಗೆ ತಿಳಿಯಿತು. ದೇಶವಿಭಜನೆಯಾಗಿ ಐದೇ ವರ್ಷಗಳಾಗಿದ್ದಾಗ, ೧೯೫೨ರಲ್ಲಿ, ಭಾರತ, ಪಾಕಿಸ್ತಾನ, ಬರ್ಮಾ, ಸಿಂಹಳಗಳು ಕೊಲಂಬೊ ನಗರದಲ್ಲಿ ಚತುಷ್ಕೋನ ಪಂದ್ಯಾವಳಿಯನ್ನಾಡಿದವು. ಆ ಸಲ ಭಾರತವೂ ಪಾಕಿಸ್ತಾನವೂ ಸಮವಾಗಿ ನಿಂತು ಕಪ್ಪನ್ನು ಹಂಚಿಕೊಂಡವು. ಮುಂದೆ ರಂಗೂನ್, ಕಲ್ಕತ್ತ, ಢಾಕಾ ಹೀಗೆ ವರ್ಷಕ್ಕೊಂದು ಊರಿನಲ್ಲಿ ನಡೆದು, ಮೂರು ಸಲವೂ ಭಾರತವೇ ಗೆದ್ದಿತು. ೧೯೫೫ಕ್ಕೆ ಆ ಪಂದ್ಯಾವಳಿ ನಿಂತಿತು.

ಇನ್ನು ನನ್ನ ಸ್ವಂತದ ಕಾರಣ. ನಾನು ಮೊದಲನೆಯ ಬಿ.ಎ. ತರಗತಿಯಲ್ಲಿದ್ದಾಗ ನೆರೆಯೂರಿನ ಒಂದು ಕಾಲೇಜಿನ ತಂಡ ನಮ್ಮ ಮೈದಾನಕ್ಕೆ ಆಡಲು ಬಂದಿತ್ತು. ತಂಡದಲ್ಲಿ ಸ್ಥಾನ ಸಿಗದ ನನಗೆ ಲೈನ್ಸ್‌ಮನ್ ಕೆಲಸ ಕೊಟ್ಟು ಕೈಗೆ ಬಾವುಟ ಕೊಟ್ಟಿದ್ದರು. ಕೊನೆಯ ಗಳಿಗೆಯಲ್ಲಿ ಅವರು ಹೊಡೆದ ಚೆಂಡು ಗೋಲಿನ ಗೆರೆಯನ್ನು ದಾಟಿ ಒಳಗೆ ಬಿದ್ದು, ನಮ್ಮ ಗೋಲಿಯ ಕೈಯಿಂದ ಹೊರಗೆ ಬಂದಿತು. ರೆಫರಿ ದೂರದಲ್ಲಿದ್ದರು, ನನ್ನತ್ತ ನೋಡಿದರು. ನಾನು ಕಂಡಿದ್ದೆನು. ಬಾವುಟವನ್ನು ಎತ್ತಲಿಲ್ಲ. ಆಮೇಲೆ ಆದದ್ದು ಹಿರಿಯ ವಿದ್ಯಾರ್ಥಿಗಳಿಗೆಲ್ಲ ತಿಳಿದಿದೆ: ಕೂಗಾಟ, ತಳ್ಳಾಟ, ಅವರ ಬಸ್ಸಿನ ಗಾಜಿಗೆ ಬಿದ್ದ ಕಲ್ಲು. ಅಂದಿನಿಂದ ಎರಡು ಕಾಲೇಜುಗಳಿಗೂ ಆಟ ನಿಂತಿದೆ. ತಪ್ಪೆಲ್ಲ ಅವರದೆಂದು ನಮ್ಮಲ್ಲಿ ಹೇಳುವುದನ್ನು ಎರಡು ವರ್ಷ ಕೇಳಿಕೊಂಡು ಸುಮ್ಮನಿದ್ದೆನು.

ಮೈಸಲನ ಜೀವನವನ್ನು ಓದಿದ ಮೇಲೆ ಸುಮ್ಮನಿರುವುದು ಕಷ್ಟವಾಯಿತು. ಅವನು ರೆಫರಿಯಾಗಿದ್ದ ಪಂದ್ಯದಲ್ಲಿ ಸೋತವನು ಅವನ ಸ್ನೇಹಿತನಾದನು. ಸೀಟಿ ಊದಿದವನ ಮಾತಿನಲ್ಲಿ ನಂಬಿಕೆಯಿಲ್ಲದಿದ್ದರೆ ಅದಾಗುತ್ತಿತ್ತೆ? ಪಂದ್ಯ ಅವನದಾಗಿರಲಿಲ್ಲ, ಪ್ರಾಮಾಣಿಕತೆ ಅವನದಾಗಿತ್ತು. ಆದುದರಿಂದ ಆ ದಿನದ ಚೆಂಡು ಗೆರೆ ದಾಟಿತ್ತೆಂಬುದನ್ನು, ಗೋಲು ಅವರದೆಂಬುದನ್ನು ಈ ಸಂಚಿಕೆಯಲ್ಲಿ ಬರೆದು ಒಪ್ಪಿಸುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ಆ ಕಾಲೇಜಿಗೂ ಕಳುಹಿಸಬೇಕೆಂದು ಸಂಪಾದಕ ಮಂಡಲಿಯನ್ನು ಬೇಡಿಕೊಂಡಿದ್ದೇನೆ.

ಅವರು ನಮ್ಮ ಊರಿಗೆ ಬಂದು ಹೋಗಿದ್ದಾರೆ. ನಾವು ಅವರ ಊರಿಗೆ ಹೋಗಿಲ್ಲ. ಮುಯ್ಯಿ ನಮ್ಮ ಮೇಲೆ ಬಾಕಿಯಿದೆ. ಹೋದರೆ ಅವರು ನಮ್ಮನ್ನು ನಾಲ್ಕು ಗೋಲುಗಳಿಂದ ಸೋಲಿಸಬಹುದು, ಒಂದೆರಡು ಕಟುಮಾತುಗಳನ್ನೂ ಆಡಬಹುದು. ಆಡಲಿ. ಸ್ವಿಟ್ಸರ್ಲೆಂಡಿನವರು ಎಂಟು ಸಲ ಸೋತೂ ಒಂಬತ್ತನೆಯ ಸಲಕ್ಕೆ ರೈಲು ಹತ್ತಿದರು. ನಮಗೆ ಹತ್ತಬೇಕಾದುದು ಅರ್ಧ ಗಂಟೆಯ ಬಸ್ಸು. ನಾನು ಈ ವರ್ಷ ಕಾಲೇಜನ್ನು ಬಿಟ್ಟುಹೋಗುವವನು. ಮುಂದಿನ ತಂಡದ ನಾಯಕನು ಯಾರಾದರೂ ಆಗಲಿ, ಮೊದಲು ಒಂದು ಕಾಗದ ಬರೆದು ತಾರೀಖನ್ನು ಗೊತ್ತುಮಾಡಲಿ. ಲೈನಿನ ಬಾವುಟವನ್ನು ಮಾತ್ರ ಅವರ ಹುಡುಗನ ಕೈಗೇ ಕೊಡಲಿ.